ಕ್ರಿಪ್ಟಾಂಡ್ ಪೊಟ್ಯಾಸಿಯಂ ಹಿಡಿಯುತ್ತದೆ, ಆದರೆ ಆಚೆ ದಡ ಮುಟ್ಟಿಸುತ್ತಿಲ್ಲ. ಯಾಕೆ?

ಎಂಎಸ್ಸಿ_ಹುಡುಗ:
ನಮಸ್ಕಾರ. ಪ್ರಾಜೆಕ್ಟಿಗೆ ಯು ಆಕಾರದ ಗಾಜಿನ ಟ್ಯೂಬಿನಲ್ಲಿ ಲಿಕ್ವಿಡ್ ಮೆಂಬ್ರೇನ್ (ದ್ರವದ ಪೊರೆ) ಪ್ರಯೋಗ ಮಾಡುತ್ತಿದ್ದೇನೆ. ತಳದಲ್ಲಿ ಕ್ಲೋರೋಫಾರ್ಮ್, ಅದರಲ್ಲಿ ಕ್ಯಾರಿಯರ್, ಅಂದರೆ ಅಯಾನನ್ನು ಹಿಡಿದು ಆಚೆ ಸಾಗಿಸುವ ಅಣು. ಒಂದು ಕಡೆ ಪೊಟ್ಯಾಸಿಯಂ ಪಿಕ್ರೇಟ್ ಎಂಬ ಹಳದಿ ಲವಣದ ದ್ರಾವಣ, ಇನ್ನೊಂದು ಕಡೆ ಬರೀ ನೀರು. ಡೈಸೈಕ್ಲೋಹೆಕ್ಸಾನೋ-18-ಕ್ರೌನ್-6 (ಆರು ಆಕ್ಸಿಜನ್ ಇರುವ ಬಳೆಯಂಥ ಅಣು) ಹಾಕಿದರೆ ನೀರಿಗೆ ನಿಧಾನವಾಗಿ ಹಳದಿ ಬರುತ್ತದೆ. 2.2.2 ಕ್ರಿಪ್ಟಾಂಡ್ (ಅಯಾನನ್ನು ಸುತ್ತಲೂ ಹಿಡಿಯುವ ಪಂಜರದಂಥ ಅಣು) ಹಾಕಿದರೆ ಕ್ಲೋರೋಫಾರ್ಮೇ ಗಾಢ ಹಳದಿಯಾಗಿ ಕೂತುಬಿಡುತ್ತದೆ, ನೀರಿನ ಕಡೆ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು. ಜಾಸ್ತಿ ಗಟ್ಟಿಯಾಗಿ ಹಿಡಿಯುವುದೇ ಜಾಸ್ತಿ ಸಾಗಿಸಬೇಕು ಅಲ್ವಾ?

ಹಳೇ_ಲ್ಯಾಬು:
ಇಲ್ಲ. ಹತ್ತಿಸಿಕೊಂಡ ಆಟೋ ಇಳಿಸಲೂ ಬೇಕಲ್ಲ! ಮೆಥನಾಲಿನಲ್ಲಿ ಪೊಟ್ಯಾಸಿಯಂಗೆ 18-ಕ್ರೌನ್-6ರ ಲಾಗ್ ಕೆ (ಹಿಡಿತದ ಬಿಗಿಯ ಅಳತೆ, ಒಂದು ಹೆಚ್ಚಾದರೆ ಹತ್ತು ಪಟ್ಟು) ಸುಮಾರು 6, ಈ ಕ್ರಿಪ್ಟಾಂಡಿನದು 10ರ ಮೇಲೆ. ಅಂದರೆ ಹತ್ತು ಸಾವಿರ ಪಟ್ಟು ಬಿಗಿ ಹಿಡಿತ. ನಿಮ್ಮ ಕ್ಲೋರೋಫಾರ್ಮಿನಲ್ಲಿರುವ ಕ್ರಿಪ್ಟಾಂಡೆಲ್ಲ ತುಂಬಿಕೊಂಡು ನಿಂತಿದೆ, ಖಾಲಿಯಾಗಿ ವಾಪಸ್ ಬರುವುದು ಯಾವುದೂ ಇಲ್ಲ. ಕ್ರಿಪ್ಟಾಂಡುಗಳನ್ನು ಮೊದಲು ತಯಾರಿಸಿದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲೆನ್ ಅವರ ಗುಂಪು 1970ರ ದಶಕದಲ್ಲೇ ಇದನ್ನು ನೋಡಿತ್ತು. ಅವರು ಮಾಡಿದ್ದು ತಮಾಷೆಯಾಗಿದೆ: ಇದೇ ಕ್ರಿಪ್ಟಾಂಡಿನ ಎರಡು ಆಕ್ಸಿಜನ್ ತೆಗೆದು ಆ ಜಾಗಕ್ಕೆ ಅಯಾನನ್ನು ಹಿಡಿಯದ ಸಿಎಚ್2 ಗುಂಪು ಹಾಕಿದರು. ಹಿಡಿತ ಸಡಿಲವಾಯಿತು, ಸಾಗಾಟ ಚುರುಕಾಯಿತು. ತೀರಾ ಸಡಿಲವಾದರೂ ಕೆಲಸ ಆಗಲ್ಲ ಬಿಡಿ, ಆಗ ಹತ್ತಿಸಿಕೊಳ್ಳುವುದೇ ಇಲ್ಲ.

ಎಂಎಸ್ಸಿ_ಹುಡುಗ:
ಈಗ ಅರ್ಥ ಆಯ್ತು ಸರ್. ಹಾಗಾದರೆ ಸೋಡಿಯಂ? ಅದು ಪೊಟ್ಯಾಸಿಯಂಗಿಂತ ಚಿಕ್ಕದು, ಕ್ರೌನಿನ ರಂಧ್ರದಲ್ಲಿ ಸಲೀಸಾಗಿ ಕೂರಬೇಕಲ್ಲ?

ಅಯಾನು_ಅಕ್ಕ:
ಕೂರುತ್ತದೆ, ಆದರೆ ಅದಕ್ಕೆ ಲಾಭ ಇಲ್ಲ. ಒಳಗೆ ಬರಬೇಕಾದರೆ ಮೈಗಂಟಿದ ನೀರನ್ನು ಬಿಟ್ಟು ಬರಬೇಕು. ಸೋಡಿಯಂ ಚಿಕ್ಕದಾದ್ದರಿಂದ ನೀರನ್ನು ಇನ್ನೂ ಬಿಗಿಯಾಗಿ ಹಿಡಿದಿರುತ್ತದೆ, ಆ ನಷ್ಟವನ್ನು ಕ್ರೌನಿನ ಆರು ಆಕ್ಸಿಜನ್ ಪೂರ್ತಿ ತುಂಬಿಕೊಡಲು ಆಗಲ್ಲ, ಯಾಕಂದರೆ ರಂಧ್ರ ಅದಕ್ಕೆ ದೊಡ್ಡದು. ನಿಸರ್ಗದ ವ್ಯಾಲಿನೊಮೈಸಿನ್ (ಬ್ಯಾಕ್ಟೀರಿಯಾ ತಯಾರಿಸುವ ಕ್ಯಾರಿಯರ್) ಇದರಲ್ಲಿ ನಮ್ಮ ಕ್ರೌನಿಗಿಂತ ಬಹಳ ಮುಂದೆ. ಸೋಡಿಯಂಗಿಂತ ಪೊಟ್ಯಾಸಿಯಂಗೆ ಸುಮಾರು ಹತ್ತು ಸಾವಿರ ಪಟ್ಟು ಒಲವು. ರಕ್ತದಲ್ಲಿ ಪೊಟ್ಯಾಸಿಯಂ ಅಳೆಯುವ ಎಲೆಕ್ಟ್ರೋಡಿನ ಪೊರೆಯಲ್ಲಿ ಹಾಕುವುದು ಅದನ್ನೇ.

ಹಳೇ_ಲ್ಯಾಬು:
ಇನ್ನೂ ಸ್ವಲ್ಪ. ಬರೀ 18-ಕ್ರೌನ್-6 ಬಳಸಬೇಡಿ, ಅದು ನೀರಿಗೇ ಸೋರಿ ಹೋಗುತ್ತದೆ. ಡೈಸೈಕ್ಲೋಹೆಕ್ಸಾನೋ ತೆಗೆದುಕೊಂಡದ್ದು ಸರಿ. ಕ್ಯಾರಿಯರ್ ಇಲ್ಲದ ಒಂದು ಟ್ಯೂಬನ್ನೂ ಜೊತೆಗೆ ಓಡಿಸಿ. ಎಲ್ಲದರಲ್ಲೂ ಸ್ಟಿರರ್ ವೇಗ ಒಂದೇ ಇರಲಿ, ಇಲ್ಲದಿದ್ದರೆ ಹೋಲಿಸಿ ಪ್ರಯೋಜನ ಇಲ್ಲ. ಪಿಕ್ರೇಟ್ ಬದಲು ಕ್ಲೋರೈಡ್ ಹಾಕಿದರೆ ಸಾಗಾಟ ಕುಸಿಯುತ್ತದೆ, ಗಾಬರಿ ಬೇಡ, ಪೊಟ್ಯಾಸಿಯಂ ಜೊತೆಗೇ ದಾಟಬೇಕಾದ ಕ್ಲೋರೈಡಿಗೆ ಕ್ಲೋರೋಫಾರ್ಮಿನೊಳಗೆ ಬರಲು ಮನಸ್ಸಿಲ್ಲ ಅಷ್ಟೆ. ಪಿಕ್ರೇಟ್ ಆಗಲಿ ಪಿಕ್ರಿಕ್ ಆಮ್ಲ ಆಗಲಿ ಬಾಟಲಿ ಮುಚ್ಚಳದ ಸಂದಿಯಲ್ಲಿ ಒಣಗಲು ಬಿಡಬೇಡಿ, ಸಿಡಿಯುವ ವಸ್ತು ಅದು. ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಬೆರೆಸಿ ಓಡಿಸುವುದಾದರೆ ಹಳದಿ ನೋಡಿ ಯಾವುದು ದಾಟಿತು ಅಂತ ಹೇಳಲಾಗದು. ನೀರಿನ ಕಡೆಯ ದ್ರಾವಣವನ್ನು ಫ್ಲೇಮ್ ಫೋಟೋಮೀಟರಿಗೆ (ಜ್ವಾಲೆಯ ಬೆಳಕಿನಿಂದ ಯಾವ ಲೋಹ ಎಷ್ಟಿದೆ ಅಂತ ಅಳೆಯುವ ಯಂತ್ರ) ಕೊಡಿ.