ಘಾಟಿನ ಕೆಮ್ಮಲ್ಲ, ಜ್ವರದ ಕೆಮ್ಮು: ನಾಳೆ ಅಂಗಡಿಗೆ ಹೋಗಲೋ ಬೇಡವೋ?

ಬ್ಯಾಡಗಿ ಗುಮಾಸ್ತ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಹನ್ನೊಂದು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಶುಕ್ರವಾರ ಸಂಜೆಯಿಂದ ಜ್ವರ, ಮೈಕೈ ನೋವು, ಎದೆ ಸೀಳುವಂಥ ಕೆಮ್ಮು. ನಿನ್ನೆ ಡಾಕ್ಟರರು ನೋಡಿ, "ಇದು ಫ್ಲೂ, ಐದು ದಿನ ಮನೆ ಬಿಟ್ಟು ಹೊರಗೆ ಬರಬೇಡಿ" ಎಂದರು. ನಾಳೆ ಸೋಮವಾರ. ಬ್ಯಾಡಗಿಯವರಿಗೆ ಇಷ್ಟು ಹೇಳಿದರೆ ಸಾಕು. ಬೇರೆ ಊರಿನವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್ ದಿನ, ಅಂದರೆ ಖರೀದಿದಾರರು ಬೆಲೆ ಕಟ್ಟಿ ಕಾಯಿ ಕೊಳ್ಳುವ ದಿನ. ಈಗ ಸುಗ್ಗಿ ಬೇರೆ. ಬಳ್ಳಾರಿ, ರಾಯಚೂರು ಕಡೆಯ ಲಾರಿಗಳು ಈಗಾಗಲೇ ಬಂದು ನಿಂತಿವೆ.

ನಮ್ಮ ಪೇಟೆಯಲ್ಲಿ ಕೆಮ್ಮಿಗೆ ಬೆಲೆಯೇ ಇಲ್ಲ. ಹಮಾಲರು ಕೆಮ್ಮುತ್ತಾರೆ, ಚಹಾ ತರುವ ಹುಡುಗ ಕೆಮ್ಮುತ್ತಾನೆ, ಖರೀದಿದಾರರು ಮಾರಾಟಕ್ಕಿಟ್ಟ ಲಾಟಿಗೆ (ರಾಶಿಗೆ) ಕೈ ಹಾಕಿ ಒಂದು ಹಿಡಿ ಕಾಯಿ ಎತ್ತಿ ಮುರಿದು ನೋಡುವಾಗ ಸಾಲಾಗಿ ಸೀನುತ್ತಾರೆ. ಹೊಸಬರು ಮೂಗಿಗೆ ಟವೆಲ್ ಕಟ್ಟಿಕೊಂಡರೆ ನಾವು ನಗುತ್ತೇವೆ. ಆ ಗದ್ದಲದಲ್ಲಿ ನನ್ನ ಕೆಮ್ಮು ಬೇರೆ ಎಂದು ಯಾರಿಗೆ ತಿಳಿಯುತ್ತದೆ? ಕಣ್ಣುಬೇನೆ ಬಂದಿದ್ದರೆ ಸಾಹುಕಾರರೇ ದೂರದಿಂದ ಕೈ ಬೀಸಿ ತಿರುಗಿ ಕಳುಹಿಸುತ್ತಿದ್ದರು. ಮಂಗನಬಾವು ಆಗಿದ್ದರೆ ಕೆನ್ನೆಯೇ ಸಾಕ್ಷಿ ಹೇಳುತ್ತಿತ್ತು. ಈ ರೋಗಕ್ಕೆ ಮಾತ್ರ ನಮ್ಮೂರಿನ ಗಾಳಿಯೇ ಮರೆ.

ಸಾಹುಕಾರರಿಗೆ ಫೋನ್ ಮಾಡಿದೆ. ಕೆಟ್ಟವರಲ್ಲ. "ಒಂದು ಮಾತ್ರೆ ನುಂಗಿ ಬಾ ತಮ್ಮಾ, ಸೋಮವಾರ ಒಂದು ದಾಟಿಸು, ಮಂಗಳವಾರ ಬೇಕಾದರೆ ದಿನವಿಡೀ ಮಲಗು" ಎಂದರು. ಪಗಾರ ಹಿಡಿಯುತ್ತೇನೆ ಎನ್ನಲಿಲ್ಲ. ಹಾಗೆ ಅಂದಿದ್ದರೆ ಜಗಳವಾಡಿಯಾದರೂ ಮಲಗುತ್ತಿದ್ದೆ.

ಹೋದ ವರ್ಷ ತಂಗಿಯ ಮದುವೆಗೆಂದು ಒಂದು ಗುರುವಾರ ತಪ್ಪಿಸಿದ್ದೆ. ಸಾಹುಕಾರರ ಅಳಿಯ ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಬರೆದ. ಸಿರುಗುಪ್ಪ ಕಡೆಯ ರೈತರೊಬ್ಬರ 64 ಚೀಲ ಅವನ ಕೈಯಲ್ಲಿ 46 ಆಯಿತು. ಆ ಹಿರಿಯರು ಮನೆ ಮುಟ್ಟಿ, ಮಗನಿಂದ ಲೆಕ್ಕ ಹಾಕಿಸಿ, ಮರುದಿನ ಅದೇ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಬೈಯಲಿಲ್ಲ. "ನೀವು ಇಲ್ಲದ ದಿನ ನಾನು ಬರಬಾರದಿತ್ತು" ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಇನ್ನೊಂದು ಕಡೆ, ನಮ್ಮ ಒಳಕೋಣೆ ನೋಡಬೇಕು ನೀವು. ಒಂದು ಗಾದಿ, ಒಂದು ಟೇಬಲ್. ಘಾಟು ಬರುತ್ತದೆಂದು ಕಿಟಕಿ ಸದಾ ಮುಚ್ಚಿದ್ದೇ. ರೈತರು ನನ್ನ ಭುಜದ ಮೇಲಿಂದ ಬಾಗಿ ಅಂಕಿ ನೋಡುತ್ತಾರೆ. ಒಂದು ಚಹಾ ತರಿಸಿದರೆ ಎರಡು ಮಾಡಿ ಕುಡಿಯುವುದು ರೂಢಿ. ತೊಟ್ಟು ಬಿಡಿಸಲು ಬರುವ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಈಗ ಏಳು ತಿಂಗಳು. ಪ್ರತಿ ಸೋಮವಾರ ಕೂಲಿ ಬರೆಸಲು ನನ್ನ ಬಳಿಗೇ ಬರುತ್ತಾಳೆ. ಅವಳ ಆ ಸಣ್ಣ ನೋಟ್‌ಬುಕ್ಕಿನ ಅಂಚುಗಳೆಲ್ಲ ಖಾರದ ಪುಡಿಯಿಂದ ಕೆಂಪಾಗಿವೆ. ಹಾಳೆ ತಿರುವಿದರೆ ನನಗೆ ಕೆಮ್ಮು ಬರುತ್ತದೆ, ಆರೋಗ್ಯ ಚೆನ್ನಾಗಿದ್ದಾಗಲೂ.

ಮಾಸ್ಕ್ ಹಾಕಿ, ಮಾತ್ರೆ ನುಂಗಿ ಹೋಗಿ ಬರಲೇ? ಡಾಕ್ಟರರ ಮಾತು ಗೊತ್ತಿದೆ. ದುಡಿದು ತಿನ್ನುವ ನೀವು ಏನು ಮಾಡುತ್ತೀರಿ, ಅದನ್ನು ಹೇಳಿ.

ದುರ್ಗದಬೈಲ್ ಅಂಗಡಿಕಾರ, ಹುಬ್ಬಳ್ಳಿ · 9:58

ಹೋಗಿ ಬಾ ತಮ್ಮಾ. ನಲವತ್ತು ವರ್ಷ ವ್ಯಾಪಾರ ಮಾಡಿದವನು ಹೇಳುತ್ತಿದ್ದೇನೆ, ನೆಗಡಿ ಜ್ವರಕ್ಕೆಲ್ಲ ಬಾಗಿಲು ಹಾಕಿದ್ದರೆ ನಾನು ಇಂದು ಬೀದಿಯಲ್ಲಿರುತ್ತಿದ್ದೆ. ಮಾಸ್ಕ್ ಹಾಕಿಕೋ, ಮೂಲೆಯಲ್ಲಿ ಕುಳಿತುಕೋ, ಬಿಸಿನೀರು ಕುಡಿ. ಸುಗ್ಗಿ ವರ್ಷಕ್ಕೊಮ್ಮೆ ಬರುತ್ತದೆ, ಜ್ವರ ನಾಲ್ಕು ಸಲ ಬರುತ್ತದೆ. ನಿನ್ನ ಸಾಹುಕಾರರಿಗೂ ನಿನ್ನ ಮೇಲೆ ಅಷ್ಟು ಭರವಸೆ ಇದೆಯಲ್ಲ, ಅದನ್ನು ನೋಡು.

ಗದಗ ಸಿಸ್ಟರ್ · 10:15

ಕಾಕಾ, ದೊಡ್ಡವರು ನೀವು, ಎದುರು ಮಾತನಾಡುತ್ತೇನೆಂದು ಬೇಸರಿಸಬೇಡಿ. ಇಪ್ಪತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದಿದ್ದೇನೆ. ಪ್ಯಾರಾಸಿಟಮಾಲ್ ಇಳಿಸುವುದು ಜ್ವರವನ್ನು, ವೈರಸ್ಸನ್ನಲ್ಲ. ಮೈ ತಣ್ಣಗಾದ ಕೂಡಲೇ ರೋಗ ಹೋಯಿತೆಂದುಕೊಂಡು ಎದ್ದು ಓಡಾಡುತ್ತೇವೆ. ಊರಿಗೆ ಹಂಚುವುದು ಆಗಲೇ. ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮೊದಲಿನಿಂದ ಹಿಡಿದು, ಕಾಯಿಲೆ ಬಿದ್ದ ಮೇಲೆ ಐದರಿಂದ ಏಳು ದಿನಗಳವರೆಗೆ ಬೇರೆಯವರಿಗೆ ಅಂಟಿಸಬಲ್ಲರು. ಮೊದಲ ಮೂರ್ನಾಲ್ಕು ದಿನಗಳೇ ಹೆಚ್ಚು ಅಪಾಯದವು. ಅಣ್ಣಾ, ನಿಮಗೆ ಶುಕ್ರವಾರ ಶುರುವಾಗಿದೆ. ಸೋಮವಾರ ಎಷ್ಟನೆಯ ದಿನ, ಲೆಕ್ಕದವರು ನೀವೇ ಎಣಿಸಿ.

ಇನ್ನು ನಿಮ್ಮ ಘಾಟಿನ ವಿಷಯ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಅನ್ನು ಕೆಮ್ಮಿನ ಸಂಶೋಧನೆ ಮಾಡುವವರು ಬೇಕೆಂದೇ ಮೂಸಿಸಿ, ಯಾರು ಎಷ್ಟಕ್ಕೆ ಕೆಮ್ಮುತ್ತಾರೆಂದು ಅಳೆಯುತ್ತಾರೆ. ವೈರಸ್ ತಗಲಿದಾಗ ಗಂಟಲು ಇನ್ನಷ್ಟು ಸೂಕ್ಷ್ಮವಾಗಿ, ಸ್ವಲ್ಪ ಘಾಟಿಗೇ ಕೆರಳುತ್ತದೆ. ಹಾಗಾಗಿ ನೀವು ನಾಳೆ ಆ ಕೋಣೆಯಲ್ಲಿ ಕುಳಿತರೆ ಮನೆಯಲ್ಲಿದ್ದಾಗಿನ ದುಪ್ಪಟ್ಟು ಕೆಮ್ಮಿದರೂ ಆಶ್ಚರ್ಯವಿಲ್ಲ. ಮಾಸ್ಕ್ ಎನ್ನುತ್ತೀರಿ, ಕೆಮ್ಮು ಒತ್ತರಿಸಿ ಬಂದಾಗ ಎಲ್ಲರೂ ಮಾಡುವ ಮೊದಲ ಕೆಲಸ ಮಾಸ್ಕನ್ನು ಗದ್ದಕ್ಕೆ ಎಳೆಯುವುದು. ನಾನೂ ಎಳೆದಿದ್ದೇನೆ.

ಏಳು ತಿಂಗಳ ಆ ಹೆಣ್ಣುಮಗಳ ಬಗ್ಗೆ ನೀವೇ ಬರೆದಿದ್ದೀರಿ, ಅಂದರೆ ಉತ್ತರ ನಿಮಗೆ ಗೊತ್ತಿದೆ. ಗರ್ಭಿಣಿಯರಿಗೆ ಫ್ಲೂ ಜೋರಾಗಿ ಹೊಡೆಯುತ್ತದೆ, ನ್ಯುಮೋನಿಯಾಕ್ಕೆ ತಿರುಗುವ ಅಪಾಯವೂ ಹೆಚ್ಚು. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ, ಮೈಯೂ ಹಗುರವಾಗಿದ್ದರೆ ಆಮೇಲೆ ಹೋಗಿ; ಹೋದ ಮೇಲೂ ಕೆಲವು ದಿನ ಮಾಸ್ಕ್ ಇರಲಿ. ಉಸಿರು ಕಟ್ಟಿದರೆ ಮಾತ್ರ ಮನೆಯಲ್ಲಿ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಹಾಂ, ನಿಮ್ಮ ಪೇಟೆಯಲ್ಲಿ ಎರಡು ವಾರ ದಾಟಿದ ಕೆಮ್ಮನ್ನೂ ಘಾಟು ಎಂದು ಬಿಡುವವರು ಇದ್ದೇ ಇರುತ್ತಾರೆ. ಅಂಥವರಿಗೆ ಕಫ ಪರೀಕ್ಷೆ ಮಾಡಿಸಲು ಹೇಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ.

ಕಂಡಕ್ಟರ್, ಧಾರವಾಡ · 10:31

ನಿಮ್ಮ ಭುಜದ ಮೇಲೆ ರೈತರು ಬಾಗುತ್ತಾರೆ, ನನ್ನ ಭುಜದ ಮೇಲೆ ಇಡೀ ಬಸ್ಸೇ ಬಾಗುತ್ತದೆ. ಎರಡು ವರ್ಷದ ಹಿಂದೆ ಇಂಥದ್ದೇ ಜ್ವರದಲ್ಲಿ ಡ್ಯೂಟಿಗೆ ಹೋದೆ, ರಜೆ ಉಳಿಸೋಣ ಎಂದು. ರಾತ್ರಿ ವಸತಿ ಬಸ್ಸು; ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ನಾನೂ ಡ್ರೈವರ್ ಅಣ್ಣನೂ ಒಂದೇ ಚಾಪೆ. ಮೂರನೆಯ ದಿನ ಅವರು ಮಲಗಿದರು. ನನ್ನ ಒಂದು ರಜೆ ಉಳಿಯಿತು, ಅವರ ಆರು ಹೋದವು. ಈಗಲೂ ನಾನು ಸೀನಿದರೆ ಕನ್ನಡಿಯಲ್ಲಿ ನೋಡುತ್ತಾರೆ.

ರಾಣೆಬೆನ್ನೂರು ಟ್ಯಾಕ್ಸ್ ಅಕ್ಕ · 10:50

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆಗೆಂದು ವರ್ಷಕ್ಕೆ 12 ದಿನಗಳವರೆಗೆ ಪಗಾರ ಸಹಿತ ರಜೆಯಿದೆ. ನಾಳೆ ಅದನ್ನು ಸಾಹುಕಾರರಿಗೆ ಓದಿ ಹೇಳಲು ಹೋಗಬೇಡಿ, ತಿಳಿದಿರಲಿ ಅಷ್ಟೇ.

ನೀವು ಹೆದರುತ್ತಿರುವುದು ಅಳಿಯನ ಅಂಕಿಗೆ. ಅದಕ್ಕೆ ನಿಮ್ಮ ಕಣ್ಣು ಸಾಕು, ಮೈ ಬೇಕಾಗಿಲ್ಲ. ತೂಕದ ಚೀಟಿಗಳ ಫೋಟೋ ತೆಗೆದು ಕಳುಹಿಸಲಿ, ನೀವು ಮಲಗಿದಲ್ಲೇ ಲೆಕ್ಕ ಹಾಕಿ ವಾಪಸು ಕಳುಹಿಸಿ. ಅವನು ನೋಡಿ ಬರೆಯಲಿ. ರೈತರ ಕೈಗೆ ಕೊಡುವ ಮೊದಲು ಪಟ್ಟಿಯ ಫೋಟೋವನ್ನೂ ತರಿಸಿಕೊಳ್ಳಿ.

ಬ್ಯಾಡಗಿ ಗುಮಾಸ್ತ · ಸೋಮವಾರ ರಾತ್ರಿ 11:20

ಹೋಗಲಿಲ್ಲ. ಬೆಳಿಗ್ಗೆ ಮತ್ತೆ 102 ಡಿಗ್ರಿ ಇತ್ತು. ಸಾಹುಕಾರರು "ಇನ್ನು ಮೇಲೆ ಹಾಸಿಗೆಯಿಂದಲೇ ದಲಾಲಿ ನಡೆಸು" ಎಂದು ಗೊಣಗಿ ಫೋನ್ ಇಟ್ಟರು. ಮಧ್ಯಾಹ್ನ ಮೂರರಿಂದ ಚೀಟಿಗಳು ಬರತೊಡಗಿದವು. ಕಂಬಳಿ ಹೊದ್ದು, ತೊಡೆಯ ಮೇಲೆ ಮಗಳ ಪಾಟಿ ಇಟ್ಟುಕೊಂಡು 23 ಪಟ್ಟಿ ಮುಗಿಸಿದೆ. ಅಳಿಯ ಬರೆಯುವ ಒಂದಕ್ಕೂ ಏಳಕ್ಕೂ ವ್ಯತ್ಯಾಸವೇ ಇಲ್ಲ. ಒಂದು ಕಡೆ 31 ಚೀಲವೋ 37 ಚೀಲವೋ ತಿಳಿಯದೆ, ಹಮಾಲರ ಮುಂದಾಳಿಗೆ ಫೋನ್ ಮಾಡಿ ಒಟ್ಟಿದ ಚೀಲಗಳ ನಿಟ್ಟು ಎಣಿಸಿಸಿದೆ. 37 ಇತ್ತು. ಆ ಹೆಣ್ಣುಮಗಳ ಕೂಲಿಯನ್ನೂ ಅಳಿಯನೇ ಬರೆದುಕೊಟ್ಟ.

ರಾತ್ರಿ ಒಂಬತ್ತಕ್ಕೆ ಸಾಹುಕಾರರ ಫೋನ್ ಬಂತು. ಲೆಕ್ಕ ಸರಿ ಹೊಂದಿದೆ ಎನ್ನುವಷ್ಟರಲ್ಲಿ ಮೂರು ಸಲ ಕೆಮ್ಮಿದರು. ನಾನು ಸುಮ್ಮನಿದ್ದೆ. "ಘಾಟು, ಘಾಟು" ಎಂದರು.

ಶುಕ್ರವಾರ ಮಧ್ಯಾಹ್ನ ಒಂದು ಚಹಾ ತರಿಸಿ ಇಬ್ಬರೂ ಕುಡಿದಿದ್ದೆವು.