ವೆನಿಸ್‌ನ ‘ಪೊತ್ಸೊ’ಗೆ ಬಾವಿ ಅನ್ನಬಹುದೇ?

ಗೆಳೆಯರೇ,

ವೆನಿಸ್ ನಗರದ ಮೇಲೆ ಒಂದು ಬರಹ ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ಒಂದೇ ಪದ ಕಾಡುತ್ತಿದೆ: ಇಟಾಲಿಯನ್ನಿನ ‘ಪೊತ್ಸೊ’. ನಿಘಂಟಿನಲ್ಲಿ ಇದಕ್ಕೆ ಬಾವಿ ಅಂತ ಅರ್ಥ. ಆದರೆ ವೆನಿಸ್‌ನ ಪೊತ್ಸೊ ಬಾವಿಯೇ ಅಲ್ಲ!

ಆ ಊರಿನ ಸುತ್ತ ಇರುವುದು ಉಪ್ಪುನೀರು. ಕುಡಿಯಲು ಮಳೆನೀರನ್ನೇ ನಂಬಿದ್ದರು. ಮನೆಗಳ ನಡುವಿನ ಬಯಲಲ್ಲಿ ದೊಡ್ಡ ಗುಂಡಿ ತೋಡಿ, ಉಪ್ಪುನೀರು ನುಗ್ಗದಂತೆ ಒಳಗೋಡೆಗೆ ಜೇಡಿಮಣ್ಣು ಮೆತ್ತುತ್ತಿದ್ದರು. ಮಧ್ಯದಲ್ಲಿ ಇಟ್ಟಿಗೆಯ ಕೊಳವೆ, ಸುತ್ತ ಮರಳು, ಮೇಲೆ ಕಲ್ಲುಹಾಸು. ಮಳೆ ಬಂದರೆ ನೀರು ಹಾಸಿನ ತೂತುಗಲ್ಲುಗಳಲ್ಲಿ ಇಳಿದು, ಮರಳಿನಲ್ಲಿ ಸೋಸಿಕೊಂಡು ಕೊಳವೆ ಸೇರುತ್ತಿತ್ತು. ಮಳೆ ಸಾಲದಾಗ ಬ್ರೆಂತಾ ನದಿಯಿಂದ ದೋಣಿಗಳಲ್ಲಿ ನೀರು ತರುತ್ತಿದ್ದರು, ನಮ್ಮ ಟ್ಯಾಂಕರ್ ಥರ. 1884ರಲ್ಲಿ ನಲ್ಲಿ ನೀರು ಬಂದ ಮೇಲೆ ಇದೆಲ್ಲ ನಿಂತಿತು.

ಹೊರಗಿನಿಂದ ನೋಡಿದರೆ ಮಾತ್ರ ಅಪ್ಪಟ ಬಾವಿ. ಕೆತ್ತನೆಯ ಕಲ್ಲಿನ ಕಟ್ಟೆ, ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳು. ನಮ್ಮ ಅಜ್ಜಿ ಮನೆಯ ಬಾವಿಕಟ್ಟೆಯಲ್ಲೂ ಇಂಥವೇ ಇದ್ದವು, ಬೆರಳಿಟ್ಟರೆ ಸರಿಯಾಗಿ ಕೂರುತ್ತಿತ್ತು. ವೆನಿಸ್‌ನವಕ್ಕೆ ಈಗ ಕಬ್ಬಿಣದ ಮುಚ್ಚಳ ಬಿದ್ದಿದೆ.

ಬಾವಿ ಅಂದರೆ ಒರತೆ ಇರಬೇಕು, ಅಲ್ವಾ? ಇಲ್ಲಿ ಒರತೆಯೇ ಇಲ್ಲ. ‘ತೊಟ್ಟಿ’ ಅಂದರೆ ನನಗೆ ದನ ನೀರು ಕುಡಿಯುವುದೇ ಕಣ್ಣಿಗೆ ಬರುತ್ತದೆ. ಮಾಡುವ ಕೆಲಸ ನೋಡಿದರೆ ಬೆಂಗಳೂರಿನವರ ‘ಸಂಪು’ ಇದಕ್ಕೆ ಹತ್ತಿರ. ಆದರೆ ನೂರಾರು ವರ್ಷದ ಕೆತ್ತನೆ ಕಲ್ಲಿಗೆ ಸಂಪು ಅಂದರೆ ಓದುವವರು ನಗುತ್ತಾರೆ. ಸದ್ಯಕ್ಕೆ ‘ಮಳೆಬಾವಿ’ ಅಂತ ಬರೆದಿಟ್ಟಿದ್ದೇನೆ. ಕಿವಿಗೆ ಪರವಾಗಿಲ್ಲ, ಆದರೆ ಸುಮ್ನೆ ನಾನು ಕಟ್ಟಿದ ಪದ.

ಇನ್ನೊಂದು ಚಿಕ್ಕ ತೊಡಕು. ಮೇಲೆ ‘ಬಯಲು’ ಅಂದೆನಲ್ಲ, ಅದು ಅಲ್ಲಿಯ ‘ಕಾಂಪೊ’. ವೆನಿಸ್‌ನಲ್ಲಿ ‘ಪಿಯಾತ್ಸಾ’ ಅನ್ನುವುದು ಸಾನ್ ಮಾರ್ಕೊದ ದೊಡ್ಡ ಚೌಕಕ್ಕೆ ಮಾತ್ರ. ಉಳಿದ ಚೌಕಗಳು ಬಹುಮಟ್ಟಿಗೆ ಕಾಂಪೊಗಳೇ, ಅಂದರೆ ಹೊಲ. ಹಿಂದೆ ಅಲ್ಲಿ ನಿಜಕ್ಕೂ ಹುಲ್ಲು ಬೆಳೆಯುತ್ತಿತ್ತು. ‘ಚೌಕ’ ಅಂದುಬಿಟ್ಟರೆ ಆ ಹುಲ್ಲಿನ ನೆನಪು ಪೂರ್ತಿ ಹೋಗುತ್ತದೆ. ಕಲ್ಲು ಹಾಸಿದ ಜಾಗವನ್ನೂ ಬಯಲು ಅನ್ನಬಹುದು ಅಂತ ನನ್ನ ಲೆಕ್ಕ. ತಪ್ಪಿದ್ದರೆ ಹೇಳಿ.

ಮುಖ್ಯವಾಗಿ ಕೇಳಬೇಕಾದ್ದು ಇದು: ಮಳೆನೀರನ್ನು ಹಿಡಿದು, ಮರಳಲ್ಲಿ ಸೋಸಿ, ನೆಲದೊಳಗೆ ಕೂಡಿಟ್ಟು ಸೇದುವ ಏರ್ಪಾಟಿಗೆ ನಿಮ್ಮ ಕಡೆ ಹಳೆಯ ಹೆಸರು ಏನಾದರೂ ಇದೆಯೇ? ಉಪ್ಪುನೀರಿನ ಕಾಟ ಕಂಡ ಕರಾವಳಿಯವರ ಬಾಯಲ್ಲಿ ಇರಬಹುದು ಅಂತ ಆಸೆ.