ಎರಡು ಕಾಲಂ ಕವಿತೆಯಲ್ಲಿ ಎಡಗಡೆ ನಿಲ್ಲುತ್ತಿಲ್ಲ, ಏನು ಮಾಡಲಿ?

ಸಾಲುದೀಪ:
ಎರಡು ಕಾಲಂಗಳಲ್ಲಿ ಒಂದು ಕವಿತೆ ಬರೆಯುತ್ತಿದ್ದೇನೆ. ಎಡಗಡೆಯದನ್ನು ಮಾತ್ರ ಓದಿದರೆ ಒಂದು ಕವಿತೆ, ಬಲಗಡೆಯದು ಇನ್ನೊಂದು, ಅಡ್ಡಲಾಗಿ ಓದಿಕೊಂಡು ಹೋದರೆ ಮೂರನೆಯದು ಆಗಬೇಕು. ಆದರೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ವಾ, ಅದೆಲ್ಲ ಬಲಗಡೆಗೆ ಹೋಗಿ ಕೂತುಬಿಡುತ್ತದೆ. ಎಡಗಡೆ ಉಳಿಯುವುದು ಬರೀ ಅರ್ಧಂಬರ್ಧ ವಾಕ್ಯ. ಇಂಥದ್ದನ್ನು ಬರೆದವರು ಯಾರಾದರೂ ಇದ್ದೀರಾ?

ಕಾಗುಣಿತ:
ಕ್ರಿಯಾಪದವೇ ಇಲ್ಲದ ವಾಕ್ಯ ಕನ್ನಡದಲ್ಲಿ ಸಲೀಸು. ‘ಇದು ನನ್ನ ಮನೆ’ ಅಂದರೆ ಮಾತು ಪೂರ್ತಿಯಾಯಿತು. ಎಡಕ್ಕೆ ಅಂಥವನ್ನೇ ಇಡಿ. ಬಲಗಡೆ ಕರ್ತೃ ಬೇಕಾಗಿಲ್ಲ, ಅವನೋ ಅವಳೋ ಅನ್ನುವುದನ್ನು ಕ್ರಿಯಾಪದವೇ ಹೇಳುತ್ತದೆ. ಹೀಗೆ ನೋಡಿ:

ಈ ಮನೆ ನನ್ನದು | ಅಲ್ಲ ಅಂದಳು
ನೆನಪು ನಿನ್ನದು | ಸಾಕು ಅಂದಳು

ಎಡಗಡೆ ಯಾರೋ ಆಸ್ತಿ ಹಂಚಿಕೊಳ್ಳುತ್ತಿದ್ದಾರೆ. ಬಲಗಡೆ ಒಬ್ಬಳು ಬೇಡ ಅನ್ನುತ್ತಿದ್ದಾಳೆ, ಅಷ್ಟೇ. ಅಡ್ಡ ಓದಿದರೆ ಮನೆ ಬಿಟ್ಟುಕೊಟ್ಟು ನೆನಪು ಸಾಕು ಅನ್ನುವವಳು ಕಾಣುತ್ತಾಳೆ. ‘ಸಾಕು’ ಒಂಟಿಯಾಗಿದ್ದಾಗ ಸಿಟ್ಟು, ‘ನಿನ್ನದು’ ಪಕ್ಕಕ್ಕೆ ಬಂದಾಗ ತೃಪ್ತಿ. ಇಂಥ ಮಾತುಗಳನ್ನು ಹುಡುಕಿ, ಕವಿತೆ ತಾನಾಗಿ ನಿಲ್ಲುತ್ತದೆ.

ಹಳೆಓಲೆ:
ಈ ಆಸೆ ಹೊಸದಲ್ಲ. ಚೀನಾದಲ್ಲಿ 4ನೇ ಶತಮಾನದಲ್ಲೇ ಸು ಹುಯಿ ಎಂಬ ಕವಯಿತ್ರಿ 29 ಸಾಲು, 29 ಕಾಲಂಗಳ ಚೌಕ ಮಾಡಿದ್ದಳು. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಓದಿದರೂ ಕವಿತೆ. ಸಂಸ್ಕೃತದಲ್ಲಿ ವೆಂಕಟಾಧ್ವರಿಯ ‘ರಾಘವಯಾದವೀಯ’ ಇದೆ, ನೇರ ಓದಿದರೆ ರಾಮನ ಕಥೆ, ಹಿಂದಿನಿಂದ ಓದಿದರೆ ಕೃಷ್ಣನ ಕಥೆ. ನಮ್ಮ ಲಿಪಿಯಲ್ಲೂ ಇಡೀ ಅಕ್ಷರವೇ ಒಂದು ಘಟಕ. ‘ವಿಕಟಕವಿ’ ತಿರುಗಿಸಿದರೂ ಅದೇ ಆಗುವುದು ಅದರಿಂದಲೇ. ಒಂದು ಮಾತು ಮಾತ್ರ ಹೇಳಲೇಬೇಕು: ಎರಡೂ ಓದಿನಲ್ಲಿ ಒಂದೇ ಅರ್ಥ ಬಂದರೆ ಅದು ಬರೀ ಕಸರತ್ತು.

ಮುಂಗಾರು:
ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದುವ ರೀತಿ ಇನ್ನೂ ಸುಲಭ.

ಮಾತು ನಿಂತಿತು
ಅವಳು ಕಿಟಕಿ ತೆರೆದಳು
ಮಳೆ ಶುರುವಾಯಿತು
ಅವನು ನಕ್ಕ

ಕೆಳಗಿಳಿದರೆ ಮುನಿಸು ಕರಗುತ್ತದೆ. ಮೇಲೆ ಹತ್ತಿದರೆ ಅವನ ನಗುವಿನಿಂದಲೇ ಮನಸ್ಸು ಮುರಿಯುತ್ತದೆ. ‘ಮಾತು ನಿಂತ ಮೇಲೆ’, ‘ಕಿಟಕಿ ತೆರೆದು’ ಅಂತ ಬರೆದಿದ್ದರೆ ಇದು ಸತ್ತೇ ಹೋಗುತ್ತಿತ್ತು, ಯಾಕೆಂದರೆ ಆ ‘ಮೇಲೆ’, ‘ತೆರೆದು’ ಎಲ್ಲ ಮುಂದೆ ಏನೋ ಬರಬೇಕು ಅಂತ ಕಾಯುತ್ತವೆ. ಕನ್ನಡದಲ್ಲಿ ಹಿಮ್ಮುಖ ಕವಿತೆ ಕೆಡುವುದು ಜಾಸ್ತಿ ಇಲ್ಲೇ.

ಕಾಗುಣಿತ:
ಸರಿಯಾಗಿ ಹೇಳಿದಿರಿ. ಫ್ರೆಂಚ್ ಕವಿ ರೇಮಂಡ್ ಕೆನೊ 1961ರಲ್ಲಿ 10 ಸಾನೆಟ್ (14 ಸಾಲಿನ ಕವಿತೆ) ಬರೆದು ಪ್ರತಿ ಸಾಲನ್ನೂ ಬೇರೆ ಪಟ್ಟಿಯಾಗಿ ಕತ್ತರಿಸಿದಾಗಲೂ ಇದೇ ಎಚ್ಚರ ಬೇಕಾಗಿತ್ತು. 14 ಸಾಲಿಗೂ 10 ಆಯ್ಕೆ, ಒಟ್ಟು ನೂರು ಲಕ್ಷ ಕೋಟಿ ಕವಿತೆ! ಹತ್ತರಲ್ಲೂ ಅಂತ್ಯಪ್ರಾಸ ಒಂದೇ ಆಗಿದ್ದರಿಂದ ಅದು ಸಾಧ್ಯವಾಯಿತು. ಕನ್ನಡದಲ್ಲಾದರೆ ಆದಿಪ್ರಾಸ ಹಿಡಿದು ಪ್ರಯತ್ನಿಸಬಹುದು.

ಸಾಲುದೀಪ:
‘ನಿನ್ನದು’ ‘ಸಾಕು’ ಜೋಡಿ ತುಂಬಾ ಹಿಡಿಸಿತು. ಎಡಗಡೆಯ ಕ್ರಿಯಾಪದಗಳನ್ನೆಲ್ಲ ತೆಗೆದು ಮತ್ತೆ ಬರೆಯುತ್ತೇನೆ. ಆದರೆ ಮೂರು ಕಾಲಂ ಮಾಡಿದರೆ ನಡುವಿನದು ಎರಡೂ ಕಡೆಗೆ ಅಂಟಬೇಕಲ್ವಾ, ಅಲ್ಲಿ ಎಂಥ ಪದ ಇಡುವುದು?